ನಾಲ್ಕು ಮೂಲೆಗೆ ಅರಿಶಿನ

ಶಹಾಪುರ, ಯಾದಗಿರಿ ಜಿಲ್ಲೆ
೨ ನವೆಂಬರ್ ೨೦೨೩

ಚಲಪತಿಗೆ ಅಕ್ಕನ ಆಶೀರ್ವಾದ.

ಕ್ಷೇಮವಾಗಿ ಬಂದು ಸೇರಿದೆ. ನವ್ಯಾಳೂ ಕೂಸೂ ಚೆನ್ನಾಗಿದ್ದಾರೆ. ಕೂಸು ಹೆಣ್ಣು, ಮೂಗು ನಮ್ಮ ಕಡೆಯದು. ಮಗಳು, ಅಳಿಯ ಇಬ್ಬರೂ ಪಾಠ ಹೇಳುವ ವಸತಿ ಶಾಲೆಯ ಹಿಂದೆಯೇ ಮನೆ. ಇಲ್ಲಿಯ ಬಿಸಿಲು ಈ ತಿಂಗಳಲ್ಲೂ ಕಾವಲಿಯ ಮೇಲೆ ಕೂರಿಸಿದ ಹಾಗೆ. ಪಕ್ಕದ ಮನೆಯಾಕೆ ದಿನಾ ಜೋಳದ ರೊಟ್ಟಿ ತಂದುಕೊಟ್ಟು ಏನೇನೋ ಕೇಳುತ್ತಾಳೆ. ಈ ಕಡೆಯ ಮಾತು ಮೊದಲೇ ನನಗೆ ತಿಳಿಯುವುದಿಲ್ಲ, ಅದರ ಮೇಲೆ ಈ ಕಿವಿ. ಏನು ಕೇಳಿದರೂ ನಕ್ಕು ತಲೆ ಆಡಿಸುತ್ತೇನೆ. ಹಾಗೆ ಆಡಿಸಿ ಆಡಿಸಿ ಮೊನ್ನೆ ಒಂದು ಮೇಕೆ ಕೊಳ್ಳಲು ಒಪ್ಪಿಕೊಂಡುಬಿಟ್ಟಿದ್ದೆನಂತೆ. ನವ್ಯಾ ಹೋಗಿ ಬಿಡಿಸಿಕೊಂಡು ಬಂದಳು.

ಫೋನಿನಲ್ಲಿ ನೀನು ಮಾತಾಡಿದರೆ ನನಗೆ ಜೇನುಹುಳು ಗುಂಯ್ ಅಂದ ಹಾಗೆ ಕೇಳಿಸುತ್ತದೆ. ನವ್ಯಾಳ ಕೈಲಿ ಕೇಳಿಸಿದರೆ ನಿನ್ನ ಹತ್ತು ಮಾತನ್ನು ಅವಳು ಒಂದು ಮಾಡಿ ಹೇಳುತ್ತಾಳೆ. ಅದಕ್ಕೇ ಈ ಕಾಗದ. ನೀನೂ ಕಾಗದವನ್ನೇ ಬರಿ.

ವಿಜಯದಶಮಿಯ ಬೆಳಿಗ್ಗೆ ನನ್ನ ಕಣ್ಣಿಂದ ಹೋಗುತ್ತಿಲ್ಲ. ಅಂಗಡಿ ತೆರೆಯುವ ಪೂಜೆಗೆ ನೀನು ಬಾಳೆಕಂದು ತರಲು ಹೋಗಿದ್ದಾಗ, ನೀನು ಚಿಕ್ಕಂದಿನಿಂದ ಕೂಡಿಟ್ಟ ಕ್ರಿಕೆಟ್ ಆಟಗಾರರ ಕಾರ್ಡಿನ ಬಿಸ್ಕತ್ ಡಬ್ಬಿ ಕಂಡಿತು. ಲಗ್ನಪತ್ರಿಕೆಯನ್ನೇ ನಾವು ಅರಿಶಿನ ಹಚ್ಚದೆ ಹೊಸ್ತಿಲು ದಾಟಿಸುವುದಿಲ್ಲ. ವರ್ಷಗಟ್ಟಲೆ ಬೆಂಗಳೂರಿನ ರೈಲಿನಲ್ಲಿ ನೇತಾಡಿದವನು ಕೆಲಸ ಬಿಟ್ಟು ಇಟ್ಟ ಅಂಗಡಿ, ಅದರ ಕಾರ್ಡುಗಳನ್ನು ಬರಿದಾಗಿ ಬಿಡುವುದುಂಟೇ? ಅವನ್ನು ಮುಂಬಯಿಯ ಪರೀಕ್ಷೆಯವರಿಗೆ ಕಳಿಸಿ, ಮಾರ್ಕು ಹಾಕಿಸಿ, ಒಳ್ಳೆಯ ಬೆಲೆಗೆ ಮಾರಿ ಅಂಗಡಿಗೆ ಮಾಲು ತುಂಬಿಸುತ್ತೇನೆ ಅಂದಿದ್ದೆಯಲ್ಲ. ಅರಿಶಿನ ಕಲಸಿಕೊಂಡು ಒಂದೊಂದು ಕಾರ್ಡಿನ ನಾಲ್ಕು ಮೂಲೆಗೂ ಉಂಗುರದ ಬೆರಳಿನಲ್ಲಿ ಹಚ್ಚಿ, ಪೇಪರಿನ ಮೇಲೆ ಬಿಸಿಲಿಗೆ ಹರಡಿದೆ. ಒಂದನ್ನೂ ಬಿಡಲಿಲ್ಲ.

ನೀನು ಬಂದು ನೋಡಿ ಮಾತೇ ಹೊರಡದೆ ನಿಂತೆ. ಕಣ್ಣು ತುಂಬಿಕೊಂಡಿತು. ಇಲ್ಲಿ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೇನೆ, ನನ್ನ ತಮ್ಮ ಸಂತೋಷಕ್ಕೆ ಅತ್ತುಬಿಟ್ಟ ಅಂತ.

ವ್ಯಾಪಾರ ಹೇಗಿದೆ ಬರಿ.

ನಿನ್ನ ಅಕ್ಕ
ಪಾಪಕ್ಕ

*

ಕೋರಮಂಡಲ್, ಕೆ.ಜಿ.ಎಫ್.
೨೪ ನವೆಂಬರ್ ೨೦೨೩

ಅಕ್ಕನಿಗೆ ಚಲಪತಿಯ ನಮಸ್ಕಾರಗಳು.

ಕಾಗದ ಸೇರಿತು. ಮೇಕೆಯ ವಿಷಯ ಓದಿ ಶ್ಯಾಮಲಾ ನಕ್ಕೂ ನಕ್ಕೂ ಅನ್ನದ ತಪ್ಪಲೆ ಇಳಿಸುವುದನ್ನೇ ಮರೆತಳು. ಅನ್ನ ತಳ ಹಿಡಿಯಿತು, ಆದರೂ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಅಂಗಡಿ ನಡೆಯುತ್ತಿದೆ. ಬಂಗಾರಪೇಟೆಯವರಿಗೆ ಇನ್ನೂ ಇದು ಏನು ಅಂಗಡಿ ಎಂದು ತಿಳಿದಿಲ್ಲ. ಬೋರ್ಡು ನೋಡಿ ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಿಕೊಡಿ ಎಂದು ಬಂದವರಿದ್ದಾರೆ. ಪಕ್ಕದ ಟೀ ಅಂಗಡಿಯ ಸೊಣ್ಣಪ್ಪ ಮೊದಲ ವಾರವೇ ಕೇಳಿದ: "ಏನ್ಲಾ ಚಲಪತಿ, ಅಗಲೊತ್ನಲ್ಲೇ ಇಸ್ಪೀಟ್ ಅಂಗ್ಡಿ ಇಟ್ಬುಟ್ಟಿದ್ದೀಯಂತೆ? ಒಳ್ಳೇ ಧೈರ್ಯ ಕಣ್ಲಾ ನಿಂದು." ಇದು ಆಟಗಾರರ ಚಿತ್ರದ ಕಾರ್ಡು, ಕೂಡಿಡುವವರು ಕೊಳ್ಳುತ್ತಾರೆ ಎಂದು ವಿವರಿಸಿದೆ. ಟೀ ಸೋಸುತ್ತ ಪೂರ್ತಿ ಕೇಳಿಸಿಕೊಂಡು, "ಚಿತ್ರ ಟೀವಿಯಾಗೇ ಬತ್ತದಲ್ಲಾ" ಎಂದ.

ಹೊಸ ಪೊಟ್ಟಣಗಳದ್ದು ಬೇರೆ ತಲೆನೋವು. ಒಳಗೆ ಯಾವ ಆಟಗಾರ ಇದ್ದಾನೆ ಎಂದು ಒಡೆಯುವವರೆಗೆ ಯಾರಿಗೂ ತಿಳಿಯದು, ಅದೇ ಅದರ ಸೊಗಸು. ಮೊನ್ನೆ ಒಬ್ಬರು ಮಗನ ಜೊತೆ ಬಂದು, "ಇದ್ರಾಗೆ ಏನೈತೆ?" ಎಂದರು. ನನಗೂ ಗೊತ್ತಿಲ್ಲ ಎಂದೆ. "ಮಾರೋನಿಗೇ ಗೊತ್ತಿಲ್ದಿದ್ರೆ ಯಾಕಪ್ಪಾ ಮಾರ್ತೀಯ? ಲಾಟ್ರಿ ನಿಲ್ಸಿ ಎಷ್ಟೋ ವರ್ಸ ಆಯ್ತು, ನೀನು ಇಲ್ಲಿ ಗುಟ್ಟಾಗಿ ಸುರು ಮಾಡ್ಕಂಡಿದ್ದೀಯಾ?" ಎಂದು ಮಗನ ಕೈ ಹಿಡಿದು ಎಳೆದುಕೊಂಡು ಹೋದರು.

ವಿಶ್ವಕಪ್ ನಡೆಯುತ್ತಿದ್ದಷ್ಟು ದಿನ ಜನ ಬಂದು ನೋಡಿಯಾದರೂ ಹೋಗುತ್ತಿದ್ದರು. ಫೈನಲ್ ಸೋತ ಮಾರನೆಯ ದಿನ ಬೀದಿಯಲ್ಲಿ ಯಾರೂ ಕ್ರಿಕೆಟ್ ಎಂಬ ಮಾತನ್ನೇ ಎತ್ತಲಿಲ್ಲ. ಸಾವಾದ ಮನೆಯ ಮುಂದೆ ಹೋಗುವಂತೆ ಅಂಗಡಿಯ ಮುಂದೆ ಹಾದು ಹೋದರು.

ಡಬ್ಬಿಯ ಕಾರ್ಡುಗಳು ಕ್ಷೇಮವಾಗಿವೆ. ಮುಂಬಯಿಯವರಿಗೆ ಈಗ ಕೆಲಸ ಜಾಸ್ತಿಯಂತೆ. ಸ್ವಲ್ಪ ತಡೆದು ಕಳಿಸುತ್ತೇನೆ.

ಭಾವನವರು ಹಸುಗಳ ಜೊತೆ ಒಬ್ಬರೇ ಇದ್ದರೂ ಆರಾಮವಾಗಿದ್ದಾರೆ. ಹೋದ ಭಾನುವಾರ ಹೋಗಿ ನೋಡಿ ಬಂದೆ.

ನಿನ್ನ ತಮ್ಮ
ಚಲಪತಿ

*

ಶಹಾಪುರ
೧೪ ಡಿಸೆಂಬರ್ ೨೦೨೩

ಚಲಪತಿಗೆ ಆಶೀರ್ವಾದ.

ನಿನ್ನ ಕಾಗದವನ್ನು ನಾನು ಕೂಸಿಗೆ ಓದಿ ಹೇಳಿದೆ. ಸೊಣ್ಣಪ್ಪನ ಮಾತು ಬಂದಾಗ ನಕ್ಕಿತು ಅಂತ ನಾನಂದೆ. ಹೊಟ್ಟೆನೋವು ಅಂತ ನವ್ಯಾ ಅಂದಳು.

ಆ ಪೊಟ್ಟಣದವರು ಹೇಳಿದ್ದು ತಪ್ಪಲ್ಲ ಕಣೋ. ನಿಮ್ಮ ಭಾವ ಮಂಡಿಗೆ ಟೊಮೇಟೊ ಹಾಕಿದಾಗ ಏನು ಮಾಡುತ್ತಾರೆ? ಬಾಕ್ಸನ್ನು ಬುಡಮೇಲು ಸುರಿದು ತಳದ ಹಣ್ಣನ್ನು ಮೊದಲು ತೋರಿಸುತ್ತಾರೆ. ಮುಚ್ಚಿ ಮಾರಿದವರ ಹೆಸರು ಮಂಡಿಯಲ್ಲಿ ಒಂದು ಬೆಳೆಗೂ ಉಳಿಯುವುದಿಲ್ಲ. ನಿನ್ನ ಪೊಟ್ಟಣ ಒಡೆಯಲು ಆಗದಿದ್ದರೆ ಒಂದನ್ನಾದರೂ ನೀನೇ ಒಡೆದು ಎದುರಿಗೆ ಹರಡಿಡು. ಜನಕ್ಕೆ ಕಣ್ಣು ತುಂಬಬೇಕು.

ಇನ್ನೊಂದು ಯೋಚನೆ ಬಂತು. ವಿಜಯದಶಮಿಗೆ ಹಳೆಯ ಕಾರ್ಡಿಗೆ ಹಚ್ಚಿದೆವು, ಆಮೇಲೆ ಬಂದ ಮಾಲಿಗೆ ಹಚ್ಚಿದವರು ಯಾರು? ಅದಕ್ಕೇ ವ್ಯಾಪಾರ ಕೈಗೆ ಹತ್ತುತ್ತಿಲ್ಲ. ನಮ್ಮೂರ ಅಕ್ಕಯ್ಯಮ್ಮ ಶುಕ್ರವಾರ ಶುಕ್ರವಾರ ಸೊಪ್ಪು ಮಾರಲು ಬಂಗಾರಪೇಟೆಗೆ ಬರುತ್ತಾಳಲ್ಲ, ಅವಳಿಗೆ ಹೇಳಿಕಳಿಸಿದ್ದೇನೆ. ವಾರವಾರವೂ ಅಂಗಡಿಗೆ ಬಂದು ಇದ್ದಬದ್ದ ಕಾರ್ಡಿಗೆಲ್ಲ ನಾಲ್ಕು ಮೂಲೆ ಅರಿಶಿನ ಹಚ್ಚಿ ಹೋಗುತ್ತಾಳೆ. ಅವಳದು ಒಳ್ಳೆಯ ಕೈಗುಣ. ಅವಳು ಹಚ್ಚಿಕೊಟ್ಟ ಪತ್ರಿಕೆಯ ಮದುವೆ ಒಂದೂ ಕೆಟ್ಟಿಲ್ಲ. ಒಂದು ಲೋಟ ಕಾಫಿ ಕೊಡು, ಸಾಕು.

ಮುಂಬಯಿಗೆ ಕಳಿಸಿದೆಯಾ?

ಅಕ್ಕ
ಪಾಪಕ್ಕ

*

ಕೋರಮಂಡಲ್
೩ ಜನವರಿ ೨೦೨೪

ಅಕ್ಕನಿಗೆ ನಮಸ್ಕಾರ.

ಅಕ್ಕಯ್ಯಮ್ಮನಿಗೆ ದಯವಿಟ್ಟು ಬೇಡ ಎಂದು ಹೇಳಿಕಳಿಸು. ಪಾಪ, ವಯಸ್ಸಾದವರು. ಸೊಪ್ಪಿನ ಕುಕ್ಕೆ ಹೊತ್ತು ಮಾರ್ಕೆಟ್ಟಿನಿಂದ ಅಂಗಡಿಯವರೆಗೆ ನಡೆದು ಬರುವುದು ನೋಡಲಾಗುವುದಿಲ್ಲ. ಇಲ್ಲಿ ಹತ್ತಿರದಲ್ಲೇ ಪೂಜೆ ಮಾಡುವವರಿದ್ದಾರೆ.

ಮುಂಬಯಿಯ ವಿಷಯ ಆಗುತ್ತಿದೆ.

ವ್ಯಾಪಾರ ಹಾಗೇ ಇದೆ. ಸ್ವಲ್ಪ ಆಯಾಸ. ಹೆಚ್ಚು ಬರೆಯಲು ಹೊತ್ತಿಲ್ಲ.

ಚಲಪತಿ

*

ಶಹಾಪುರ
೨೫ ಜನವರಿ ೨೦೨೪

ಚಲಪತಿ,

ನಿನ್ನ ಕಾಗದ ಅಂಗೈಯಷ್ಟು ಇತ್ತು. ಹಿಂದೆ ತಿರುಗಿಸಿ ನೋಡಿದೆ, ಅಲ್ಲೂ ಏನೂ ಇಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದವನಿಗೆ ಬರೆಯಲು ಹೊತ್ತಿಲ್ಲವೇ?

ಅಕ್ಕಯ್ಯಮ್ಮನ ಸೊಸೆ ನವ್ಯಾಳಿಗೆ ಫೋನು ಮಾಡಿದ್ದಳು. ಯಾವ ಶುಕ್ರವಾರ ಹೋದರೂ ನಿನ್ನ ಅಂಗಡಿ ಮುಚ್ಚಿರುತ್ತದಂತೆ. ಸೊಣ್ಣಪ್ಪನನ್ನು ಕೇಳಿದರೆ ಅವನು ಮುಖ ಆ ಕಡೆ ಮಾಡಿಕೊಂಡು ನಗುತ್ತಾನಂತೆ. ಅಕ್ಕಯ್ಯಮ್ಮ, "ಪಾಪಕ್ಕನ ತಮ್ಮ ಬಾಗ್ಲು ತೆಗ್ಯೋದಿಲ್ಲ ಕಣಮ್ಮಾ, ಅದೇನು ಕಷ್ಟವೋ" ಅಂತ ಸೊಸೆಯ ಕೈಲಿ ಹೇಳಿಸಿದ್ದಾಳೆ.

ನವ್ಯಾ ಈ ಮಾತನ್ನು ನನಗೆ ಎರಡು ದಿನ ಹೇಳಲಿಲ್ಲ. ಹೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಕುಡಿಯುವುದು ಕಲಿತಿದ್ದೀಯಾ? ಮೈಯಲ್ಲಿ ಏನಾದರೂ ಆಗಿದೆಯಾ? ಶ್ಯಾಮಲಾಳ ಜೊತೆ ಜಗಳವೇ? ನಿಮ್ಮ ಭಾವನನ್ನು ಕಳಿಸಲೇ?

ಅವ್ವ ಹೋದಾಗ ನೀನು ನನ್ನ ಸೆರಗಿನ ಹಿಂದೆ ನಿಂತಿದ್ದವನು. ನನ್ನ ಹತ್ತಿರ ಮುಚ್ಚಿಡುವಷ್ಟು ದೊಡ್ಡವನು ಯಾವಾಗ ಆದೆ? ನನ್ನಾಣೆ, ಇದ್ದದ್ದು ಇದ್ದ ಹಾಗೆ ಬರಿ.

ಪಾಪಕ್ಕ

*

ಕೋರಮಂಡಲ್
೫ ಫೆಬ್ರವರಿ ೨೦೨೪

ಅಕ್ಕ,

ಆಣೆ ಇಟ್ಟಿದ್ದೀಯ, ಬರೆಯುತ್ತೇನೆ.

ಕುಡಿಯುತ್ತಿಲ್ಲ. ರೋಗವೂ ಇಲ್ಲ. ಶುಕ್ರವಾರ ಷಟರ್ ಎಳೆದುಕೊಂಡು ಒಳಗೆ ಕೂತಿರುತ್ತೇನೆ. ಅಕ್ಕಯ್ಯಮ್ಮ ಹೊರಗಿನಿಂದ ಬಡಿಯುತ್ತಾಳೆ. "ಚಲಪತೀ, ಅರಿಸ್ನ ತಂದಿವ್ನಿ, ತೆಗೀ ಕಣಪ್ಪಾ!" ತೆಗೆಯದಿದ್ದರೆ ಕುಕ್ಕೆ ಇಳಿಸಿ ಮೆಟ್ಟಿಲ ಮೇಲೆ ಕೂತು ಅಲ್ಲೇ ಸೊಪ್ಪು ಮಾರುತ್ತಾಳೆ. ನನ್ನ ಅಂಗಡಿಯ ಮುಂದೆ ಅಷ್ಟು ವ್ಯಾಪಾರ ನಾನು ಯಾವತ್ತೂ ಕಂಡಿಲ್ಲ. ಅವಳು ಎದ್ದು ಹೋಗುವವರೆಗೆ ನನ್ನದೇ ಅಂಗಡಿಯಲ್ಲಿ ನಾನು ಕಳ್ಳನಂತೆ ಉಸಿರು ಬಿಗಿಹಿಡಿದಿರುತ್ತೇನೆ. ಯಾಕೆ ಗೊತ್ತೇ? ಇರುವ ನಾಲ್ಕು ಹೊಸ ಕಾರ್ಡಾದರೂ ಉಳಿಯಲಿ ಎಂದು.

ಮುಂಬಯಿಯವರು ಕಾರ್ಡಿಗೆ ಮಾರ್ಕು ಹಾಕುವುದು ಹೇಗೆಂದು ನೀನು ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಭೂತಗನ್ನಡಿ ಹಿಡಿದು ಮೊದಲು ನೋಡುವುದೇ ನಾಲ್ಕು ಮೂಲೆಗಳನ್ನು. ಮೂಲೆ ಒಂದು ಕೂದಲೆಳೆ ಸವೆದಿದ್ದರೂ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಆ ಕಾರ್ಡುಗಳನ್ನು ನಾನು ಹುಡುಗನಾಗಿದ್ದಾಗಿನಿಂದ ಮೂಲೆ ಮುಟ್ಟದೆ ಅಂಚು ಹಿಡಿದು ಎತ್ತಿ ಇಟ್ಟವನು. ಶ್ಯಾಮಲಾಳಿಗೂ ಮುಟ್ಟಗೊಟ್ಟಿರಲಿಲ್ಲ. ನೀನು ಅಷ್ಟಕ್ಕೂ, ಒಂದನ್ನೂ ಬಿಡದೆ, ಒದ್ದೆ ಅರಿಶಿನ ಹಚ್ಚಿ ಬಿಸಿಲಿಗೆ ಇಟ್ಟೆ. ಮೂಲೆಗಳು ಊದಿ ಸುರುಟಿಕೊಂಡಿವೆ. ಆ ಬಣ್ಣ ಏನು ಮಾಡಿದರೂ ಹೋಗುವುದಿಲ್ಲ.

ಅಂಗಡಿ ಇಟ್ಟದ್ದೇ ಆ ಡಬ್ಬಿಯ ನಂಬಿಕೆಯ ಮೇಲೆ. ಅವು ಮಾರಿದರೆ ಮಾಲು ಬರುತ್ತಿತ್ತು, ಮಾಲು ಇದ್ದರೆ ಜನ ಬರುತ್ತಿದ್ದರು. ಅವತ್ತು ನಾನು ಅತ್ತದ್ದು ಸಂತೋಷಕ್ಕಲ್ಲ. ತೆರೆದ ದಿನವೇ ನೀನು ನನ್ನ ಅಂಗಡಿಯನ್ನು ಮುಚ್ಚಿದೆ.

ಇಷ್ಟೇ. ಇನ್ನು ಅಕ್ಕಯ್ಯಮ್ಮನನ್ನು ಕಳಿಸಬೇಡ.

ಚಲಪತಿ

*

ಕೋರಮಂಡಲ್
೨೦ ಮಾರ್ಚ್ ೨೦೨೪

ಅಕ್ಕನಿಗೆ ನಮಸ್ಕಾರ.

ನಿನ್ನ ಉತ್ತರ ಬಂದಿಲ್ಲ. ಕಾಗದ ತಲುಪಿತೋ ಇಲ್ಲವೋ ಎಂದು ಮೊದಲು ಅಂದುಕೊಂಡೆ. ಶುಕ್ರವಾರ ಅಕ್ಕಯ್ಯಮ್ಮ ಬರುವುದು ನಿಂತಿದೆ, ಆದ್ದರಿಂದ ತಲುಪಿದೆ.

ಪರೀಕ್ಷೆಯ ಕಾಲ. ಬರುತ್ತಿದ್ದ ಒಬ್ಬಿಬ್ಬರು ಮಕ್ಕಳನ್ನೂ ತಾಯಂದಿರು ಈ ಬೀದಿಗೇ ಬಿಡುತ್ತಿಲ್ಲ. ಅಂಗಡಿಯಲ್ಲಿ ಕೂತು ಕೂತು ಸೊಂಟ ನೋಯುತ್ತದೆ. ದುಡಿದು ಬಂದ ನೋವಾದರೆ ಮಲಗಿದರೆ ಹೋಗುತ್ತಿತ್ತು. ಇದು ಮಲಗಿದರೂ ಹೋಗುವುದಿಲ್ಲ. ನನ್ನ ಹಳೆಯ ಗೋಡೌನಿನ ಕೆಲಸಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ ಎಂದು ಸೆಲ್ವರಾಜ್ ಹೇಳುತ್ತಿದ್ದ. ನಿನಗೆ ನೆನಪಿದೆಯಲ್ಲ, ನನ್ನ ಜೊತೆ ರೈಲಿನಲ್ಲಿ ಓಡಾಡುತ್ತಿದ್ದವನು, ಇಲ್ಲೇ ಪಕ್ಕದ ಸಾಲಿನವನು. "ಬಾ ಮಚ್ಚಾ, ಟ್ರೈನು ನಿನ್ನ ಮರ್ತಿಲ್ಲ" ಎನ್ನುತ್ತಾನೆ. ನಾನು ಇನ್ನೂ ಒಪ್ಪಿಲ್ಲ.

ಮಗುವಿಗೆ ಏನು ಹೆಸರಿಟ್ಟಿರಿ? ಬರಿ.

ಚಲಪತಿ

*

ಕೋರಮಂಡಲ್
೧೪ ಏಪ್ರಿಲ್ ೨೦೨೪

ಅಕ್ಕನಿಗೆ ನಮಸ್ಕಾರ.

ಮಗುವಿಗೆ ಲಿಖಿತ ಎಂದು ಹೆಸರಿಟ್ಟರೆಂದು ಭಾವನವರು ಹೇಳಿದರು. ನಿನ್ನಿಂದ ತಿಳಿಯಲಿಲ್ಲ.

ಇದನ್ನು ಬರೆಯದೆ ಇರಬಹುದಿತ್ತು. ಬರೆಯದಿದ್ದರೆ ನಿನಗೆ ತಿಳಿಯುವ ದಾರಿಯೂ ಇರಲಿಲ್ಲ. ಆದರೂ ಬರೆಯುತ್ತಿದ್ದೇನೆ.

ಹೋದ ತಿಂಗಳ ಕೊನೆಯಲ್ಲಿ ಸೆಲ್ವರಾಜ್ ಅಂಗಡಿಯಲ್ಲಿ ಕೂತು ಆ ಡಬ್ಬಿಯನ್ನು ಕೆದಕುತ್ತಿದ್ದ. ಮುಚ್ಚಳದೊಳಗೆ ಅಂಟಿಸಿದ್ದ ಕಾಗದದ ಹಿಂದೆ ಒಂದು ಕಾರ್ಡು ಸಿಕ್ಕಿಕೊಂಡಿತ್ತು. "ಏ ಮಚ್ಚಾ, ಇಂಗೆ ಪಾರು, ಇಲ್ಲಿ ನೋಡು! ಇವನೊಬ್ಬ ನಿಮ್ಮ ಅಕ್ಕನ ಕೈಯಿಂದ ತಪ್ಪಿಸ್ಕೊಂಡಿದ್ದಾನೆ" ಎಂದು ಕುಣಿದ. ಹೌದು, ಅರಿಶಿನ ತಾಗಿರಲಿಲ್ಲ. ಮೂಲೆಗಳು ಸೂಜಿಯಂತಿದ್ದವು. ಅವತ್ತೇ ಮುಂಬಯಿಗೆ ಕಳಿಸಿದೆ. ಒಂದಕ್ಕೆ ಒಳ್ಳೆಯ ಬೆಲೆ ಬಂದರೂ ಸಾಕು, ಇನ್ನೊಂದು ವರ್ಷ ಅಂಗಡಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದೆ.

ಮೊನ್ನೆ ವಾಪಸು ಬಂತು. ಮೂಲೆ ನಾಲ್ಕೂ ಉತ್ತಮ ಎಂದು ಬರೆದಿದ್ದಾರೆ. ಹಿಂಬದಿಯಲ್ಲಿ ಚೂಯಿಂಗ್ ಗಮ್ಮಿನ ಕಲೆ, ಆದ್ದರಿಂದ ಕೆಳಗಿನ ಮಾರ್ಕು. ಆ ಮಾರ್ಕಿನ ಕಾರ್ಡನ್ನು ಯಾರೂ ಕೊಳ್ಳುವುದಿಲ್ಲ.

ನಾನು ಡಬ್ಬಿಯನ್ನು ಸುರಿದು ಒಂದೊಂದನ್ನೂ ತಿರುಗಿಸಿ ನೋಡಿದೆ. ಎಲ್ಲದರ ಬೆನ್ನಿನಲ್ಲೂ ಅದೇ ಎಣ್ಣೆಯಂಥ ಕಲೆ. ಚೂಯಿಂಗ್ ಗಮ್ಮಿನ ಜೊತೆ ಒಂದೇ ಪೊಟ್ಟಣದಲ್ಲಿ ಬಂದ ಕಾರ್ಡುಗಳು, ಇನ್ನೇನಾಗುತ್ತದೆ? ಇಷ್ಟು ವರ್ಷ ನಾನು ಆಟಗಾರನ ಮುಖ ನೋಡಿದೆ, ಮೂಲೆ ನೋಡಿದೆ. ಬೆನ್ನು ನೋಡಲಿಲ್ಲ.

ನೀನು ಅರಿಶಿನ ಹಚ್ಚದಿದ್ದರೂ ಅವು ಮಾರುತ್ತಿರಲಿಲ್ಲ ಅಕ್ಕ. ಅಂಗಡಿಯನ್ನು ಮುಚ್ಚಿದವಳು ನೀನಲ್ಲ. ಫೆಬ್ರವರಿಯಲ್ಲಿ ಬರೆದ ಆ ಮಾತನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ.

ಚಲಪತಿ

*

ಶಹಾಪುರ
೨೮ ಏಪ್ರಿಲ್ ೨೦೨೪

ಚಲಪತಿಗೆ,

ನಿನ್ನ ಮೂರು ಕಾಗದಗಳೂ ಬಂದಿವೆ. ಮೊದಲನೆಯದನ್ನು ಅಡುಗೆಮನೆಯಲ್ಲಿ ಓದಿದೆ. ನವ್ಯಾ ಬಂದು ಏನಮ್ಮ ಅಂದಳು. ಹೊಗೆ ಅಂದೆ. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ ಅಂತ ಬರೆದು ತೋರಿಸಿದಳು. ಹಿಟ್ಟು ಕಲಸಿದ ಕೈಯಲ್ಲೇ ಕಾಗದ ಮಡಿಸಿಟ್ಟೆ.

ಎರಡು ಸಲ ಉತ್ತರ ಬರೆದು ಹರಿದೆ. ಒಂದರಲ್ಲಿ ಬರೀ ತಪ್ಪಾಯಿತು ಅಂತ ಇತ್ತು. ಇನ್ನೊಂದರಲ್ಲಿ ಬರೀ ಬೈಗುಳ.

ಹೆಸರಿಡುವ ದಿನ ಕೂಸಿನ ಹೊಸ ಅಂಗಿಯ ಮೂಲೆಗೆ ಅರಿಶಿನ ಹಚ್ಚಲು ನನ್ನ ಕೈಗೇ ಬಟ್ಟಲು ಕೊಟ್ಟರು. ನಾನು ಹಿಂದೆ ಸರಿದೆ. ಪಕ್ಕದ ಮನೆಯಾಕೆ ಹಚ್ಚಿದಳು. ಮೊಮ್ಮಗಳಿಗೆ ಅಜ್ಜಿ ಹಚ್ಚಲಿಲ್ಲ ಅಂತ ಬೀಗಿತ್ತಿ ಮುಖ ಸಣ್ಣ ಮಾಡಿಕೊಂಡರು. ನಾನು ಯಾರಿಗೂ ಕಾರಣ ಹೇಳಲಿಲ್ಲ.

ಈಗ ನಿನ್ನ ಕೊನೆಯ ಕಾಗದ. ಓದಿ ಹಗುರಾಗಬೇಕಿತ್ತು. ಆಗಲಿಲ್ಲ. ಒಂದು ಮಾತು ಕೇಳುತ್ತೇನೆ, ಯೋಚನೆ ಮಾಡಿ ಉತ್ತರ ಕೊಡು. ಆ ಗಮ್ಮಿನ ಕಲೆ ಕಾಣದೇ ಹೋಗಿದ್ದರೆ ಈ ಕಾಗದ ಬರೆಯುತ್ತಿದ್ದೆಯಾ? ನನ್ನ ಅರಿಶಿನವೇ ಅವನ್ನು ಕೆಡಿಸಿದ್ದೇ ನಿಜವಾಗಿದ್ದರೆ ನಾನು ನಿನಗೆ ಏನಾಗಿ ಉಳಿಯುತ್ತಿದ್ದೆ?

ಅವತ್ತು ಯಾಕೋ ನೀನು ಬೈಯಲಿಲ್ಲ? ನನಗೆ ಕಿವಿ ಕೇಳುವುದಿಲ್ಲ, ಬಾಯಿ ನೋಡಿ ಮಾತು ತಿಳಿಯುತ್ತೇನೆ. ನೀನು ಬಾಯಿಯನ್ನೇ ತೆರೆಯಲಿಲ್ಲ. ಕಣ್ಣೀರನ್ನು ನಾನು ನನಗೆ ಬೇಕಾದ ಹಾಗೆ ಓದಿಕೊಂಡೆ. ಅದನ್ನೇ ಊರೆಲ್ಲ ಹೇಳಿಕೊಂಡು ತಿರುಗಿದೆ. ಬೈದಿದ್ದರೆ ಅರ್ಧ ದಿನ ಅತ್ತು ಸಂಜೆಗೆ ನಿನಗೆ ಮುದ್ದೆ ಬಡಿಸುತ್ತಿದ್ದೆ.

ಹೋಗಲಿ. ನವ್ಯಾಳಿಗೆ ಬೇಸಿಗೆ ರಜ ಬಂದಿದೆ, ಅಳಿಯನ ತಾಯಿಯೂ ಇಲ್ಲೇ ಇದ್ದಾರೆ. ನಾನು ಹೊರಡುತ್ತೇನೆ. ನೀನು ಸೆಲ್ವರಾಜ್ ಹೇಳಿದ ಹಾಗೆ ಕೆಲಸಕ್ಕೆ ಹೋಗುವುದಾದರೆ ಹೋಗು, ಅಂಗಡಿ ಮುಚ್ಚಬೇಡ. ಹಗಲು ನಾನು ಬಂದು ಕೂರುತ್ತೇನೆ. ಹಸುಗಳನ್ನು ನಿಮ್ಮ ಭಾವ ನೋಡಿಕೊಳ್ಳಲಿ, ಇಷ್ಟು ದಿನ ನೋಡಿಕೊಂಡಿಲ್ಲವೇ. ಬೆಲೆ ಬರೆದು ಮುಂದೆ ಇಟ್ಟುಬಿಡು. ಜನ ಎಷ್ಟು ಚೌಕಾಸಿ ಮಾಡಿದರೂ ನನಗೆ ಕೇಳಿಸುವುದಿಲ್ಲ, ಅಂಥ ವ್ಯಾಪಾರಿ ನಿನಗೆ ಬಂಗಾರಪೇಟೆಯಲ್ಲೇ ಸಿಗುವುದಿಲ್ಲ.

ಕಾರ್ಡುಗಳನ್ನು ಗಿರಾಕಿಗಳೇ ತೆಗೆದುಕೊಳ್ಳಲಿ. ನಾನು ಏನನ್ನೂ ಮುಟ್ಟುವುದಿಲ್ಲ.

ಪಾಪಕ್ಕ

*

ಕೋರಮಂಡಲ್
೭ ಮೇ ೨೦೨೪

ಅಕ್ಕನಿಗೆ,

ಯೋಚನೆ ಮಾಡಿದೆ. ಬರೆಯುತ್ತಿರಲಿಲ್ಲ. ಕಲೆ ಕಾಣದಿದ್ದರೆ ನಾನು ಆ ಸಿಟ್ಟನ್ನು ಇಟ್ಟುಕೊಂಡೇ ಇರುತ್ತಿದ್ದೆ. ಅಂಗಡಿ ಸೋತದ್ದಕ್ಕೆ ಹೇಳಿಕೊಳ್ಳಲು ಒಂದು ಕಾರಣ ಬೇಕಿತ್ತು, ನೀನು ದೂರದಲ್ಲಿದ್ದೆ, ಸುಲಭವಾಯಿತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ನೀನು ಕೂರಲು ಅಂಗಡಿ ಇಲ್ಲ ಅಕ್ಕ. ನಿನ್ನ ಕಾಗದ ಬರುವ ಮೊದಲೇ ಬೀಗದ ಕೈ ಕೊಟ್ಟಾಗಿತ್ತು. ಈಗ ಅಲ್ಲಿ ಮೊಬೈಲ್ ರಿಪೇರಿಯವರು ಬಂದಿದ್ದಾರೆ. ಬೋರ್ಡು ಇಳಿಸುವಾಗ ಸೊಣ್ಣಪ್ಪ ಬಂದು ಏಣಿ ಹಿಡಿದುಕೊಂಡ. ಏನಾದರೂ ಚುಚ್ಚಿ ಮಾತಾಡುತ್ತಾನೆ ಎಂದು ಕಾದೆ. "ಮೆಲ್ಲುಗೆ ಇಳೀಲಾ, ಬಿದ್ದು ಗಿದ್ದೀಯ" ಎಂದ, ಅಷ್ಟೆ. ಟೀಗೆ ಕಾಸು ತೆಗೆದುಕೊಳ್ಳಲಿಲ್ಲ.

ಹೋದ ಸೋಮವಾರದಿಂದ ಮತ್ತೆ ರೈಲು. ನಿಂತ ಕಾಲಿನಲ್ಲೇ ನಿದ್ದೆ ಮಾಡುವುದು ಮರೆತುಹೋಗಿದೆ ಎಂದುಕೊಂಡಿದ್ದೆ. ಟೇಕಲ್ ಸ್ಟೇಷನ್ ಬರುವಷ್ಟರಲ್ಲಿ ತಾನೇ ಬಂತು.

ಅಂಗಡಿಗಾಗಿ ಬರಬೇಡ. ಸುಮ್ಮನೆ ಬಾ. ಮನೆಯಲ್ಲಿ ಮುಟ್ಟಬೇಡ ಎಂದು ಹೇಳುವಂಥದ್ದು ಈಗ ಏನೂ ಇಲ್ಲ. ಇದ್ದರೂ ಹೇಳುವುದಿಲ್ಲ. ನನಗೆ ಸಿಟ್ಟು ಬಂದರೆ ಬಾಯಿ ತೆರೆದು, ನಿನಗೆ ಕಾಣುವ ಹಾಗೆ ಎದುರು ನಿಂತು ಬೈಯುತ್ತೇನೆ.

ನವ್ಯಾ ಯಾದಗಿರಿಯಲ್ಲಿ ರೈಲು ಹತ್ತಿಸಲಿ. ಬೆಂಗಳೂರಿನಲ್ಲಿ ಇಳಿದ ಮೇಲೆ ಎಲ್ಲಿಗೂ ಹೊರಡಬೇಡ. ಮೈಕಿನಲ್ಲಿ ಹೇಳುವುದು ನಿನಗೆ ಕೇಳಿಸುವುದಿಲ್ಲ, ಯಾರನ್ನಾದರೂ ಕೇಳಿದರೆ ಅವರು ಏನೆಂದರೂ ನೀನು ತಲೆ ಆಡಿಸಿ ಅವರ ಹಿಂದೆ ಹೋಗಿಬಿಡುತ್ತೀಯ. ಇಳಿದ ಜಾಗದಲ್ಲೇ ಗಂಟು ಇಟ್ಟುಕೊಂಡು ಅದರ ಮೇಲೆ ಕೂತಿರು. ಕೆಲಸ ಬಿಟ್ಟ ಕೂಡಲೇ ನಾನು ಬರುತ್ತೇನೆ, ತಡವಾದರೂ ಬರುತ್ತೇನೆ. ಸಂಜೆಯ ಮಾರಿಕುಪ್ಪಂ ರೈಲಿಗೆ ಒಟ್ಟಿಗೆ ಮನೆಗೆ ಹೋಗೋಣ. ಆ ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೆಲ್ವರಾಜ್‌ಗೆ ಹೇಳಿದ್ದೇನೆ, ಅವನು ಮೊದಲೇ ನುಗ್ಗಿ ಕಿಟಕಿಯ ಪಕ್ಕ ಟವೆಲ್ ಹಾಕಿಟ್ಟಿರುತ್ತಾನೆ. ನೀನು ಕೂತುಕೋ. ನಾನು ಎದುರಿಗೆ ನಿಂತಿರುತ್ತೇನೆ.

ಚಲಪತಿ